ಸಂಧಿವಾತಕ್ಕೆ ವಿಟಮಿನ್ ಸಿ: ತಟ್ಟೆಯಲ್ಲಿ ಎಷ್ಟಿರಬೇಕು, ಮಾತ್ರೆ ಬೇಕೇ ಬೇಡವೇ?

ಕೀಲುನೋವು ಅಂದ ತಕ್ಷಣ ನಮ್ಮ ಮನೆಗಳಲ್ಲಿ ಮೊದಲು ನಿಲ್ಲುವುದು ಹುಳಿ. ನಿಂಬೆ ಬೇಡ, ಕಿತ್ತಳೆ ಬೇಡ, ನೆಲ್ಲಿಕಾಯಿ ಬೇಡ, ಸೀಬೆಹಣ್ಣು ಶೀತ, ಪಪ್ಪಾಯಿ ಉಷ್ಣ. "ಹುಳಿ ಮುಟ್ಟಬೇಡ ಕಣೇ, ಗಂಟು ಹಿಡ್ಕೊಳ್ಳುತ್ತೆ" ಅಂತ ಹಿರಿಯರು ಹೇಳಿದ ಮೇಲೆ ತಟ್ಟೆಯಲ್ಲಿ ಉಳಿಯುವುದು ಅನ್ನ, ಸಾರು, ಮಜ್ಜಿಗೆ. ಇನ್ನೊಂದು ಕಡೆ ಫೋನಿಗೆ ಬರುವ ವಿಡಿಯೊಗಳು ವಿಟಮಿನ್ ಸಿ ಮಾತ್ರೆಯನ್ನು ಗ್ರಾಂಗಟ್ಟಲೆ ನುಂಗಿದರೆ ಸಂಧಿವಾತ ಬೇರುಸಮೇತ ಹೋಗುತ್ತದೆ ಎನ್ನುತ್ತವೆ. ಎರಡೂ ಕಡೆಯವರ ಮಾತು ಕೇಳಿ ಕೈಬೆರಳು ಸೊಟ್ಟಗಾಗುವವರೆಗೆ ಕಾದವರಿದ್ದಾರೆ. ಈ ಬರಹ ರುಮಟಾಯ್ಡ್ ಆರ್ಥ್ರೈಟಿಸ್ ಇದೆ ಎಂದು ಗೊತ್ತಾದವರಿಗೆ, ಅಂಥವರಿಗೆ ಅಡುಗೆ ಮಾಡಿ ಹಾಕುವವರಿಗೆ.

ಮೊದಲು ಯಾವ ಕೀಲುನೋವು ಎಂದು ತಿಳಿದುಕೊಳ್ಳಿ

ನಾವು ಮಂಡಿನೋವಿಗೂ ಸಂಧಿವಾತ ಅನ್ನುತ್ತೇವೆ, ಯೂರಿಕ್ ಆಸಿಡ್ ಏರಿ ಹೆಬ್ಬೆರಳು ಕೆಂಪಾದರೂ ಅದನ್ನೇ ಅನ್ನುತ್ತೇವೆ. ಚಿಕೂನ್‌ಗುನ್ಯ ಬಂದು ಹೋದ ಮೇಲೆ ತಿಂಗಳುಗಟ್ಟಲೆ ಉಳಿಯುವ ನೋವಿಗೂ ಅದೇ ಹೆಸರು. ರುಮಟಾಯ್ಡ್ ಇವೆಲ್ಲಕ್ಕಿಂತ ಬೇರೆ. ಇಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ತಿರುಗಿಬೀಳುತ್ತದೆ. ಆ ಪದರ ಊದಿಕೊಂಡು ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಸವೆಸುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಗುರುತು ಹಿಡಿಯುವುದು ಬೆಳಗಿನ ಹೊತ್ತು ಸುಲಭ. ಎದ್ದಾಗ ಬೆರಳು ಮಡಚಲು ಬರುವುದಿಲ್ಲ, ಹಲ್ಲುಜ್ಜುವ ಬ್ರಷ್ ಹಿಡಿಯುವುದೂ ಕಷ್ಟ, ಹಾಲಿನ ಪ್ಯಾಕೆಟ್ ಕತ್ತರಿಸಲು ಇನ್ನೊಬ್ಬರನ್ನು ಕರೆಯಬೇಕು. ಈ ಬಿಗಿತ ಅರ್ಧ ಗಂಟೆಯಿಂದ ಒಂದು ಗಂಟೆಗೂ ಮೀರಿ ಇರುತ್ತದೆ. ಎರಡೂ ಕೈಯ ಬೆರಳ ಬುಡದ ಗೆಣ್ಣು, ನಡುಗೆಣ್ಣು, ಮಣಿಕಟ್ಟುಗಳಲ್ಲಿ ಊತ ಕಾಣುತ್ತದೆ. ಸವೆತದ ಮಂಡಿನೋವಾದರೆ ಕೂತು ಎದ್ದಾಗ ಸ್ವಲ್ಪ ಹೊತ್ತು ಹಿಡಿದುಕೊಂಡು ಆಮೇಲೆ ಬಿಡುತ್ತದೆ.

ಹೀಗಿದ್ದರೆ ಆರ್‌ಎ ಫ್ಯಾಕ್ಟರ್, ಆಂಟಿ-ಸಿಸಿಪಿ, ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆಗಳನ್ನು ವೈದ್ಯರು ಬರೆದುಕೊಡುತ್ತಾರೆ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಬಂತೆಂದು ರೋಗ ಇಲ್ಲ ಎಂದಲ್ಲ, ಪಾಸಿಟಿವ್ ಬಂದವರಿಗೆಲ್ಲ ರೋಗ ಇದೆ ಎಂದೂ ಅಲ್ಲ. ಹಾಗಾಗಿ ಲ್ಯಾಬಿನ ಚೀಟಿಯನ್ನು ನೀವೇ ಓದಿ ತೀರ್ಮಾನಿಸಬೇಡಿ, ರುಮಟಾಲಜಿಸ್ಟ್ (ಸಂಧಿವಾತದ ತಜ್ಞ ವೈದ್ಯರು) ಬಳಿ ತೋರಿಸಿ. ಶುರುವಿನ ತಿಂಗಳುಗಳಲ್ಲೇ ಮೆಥೊಟ್ರೆಕ್ಸೇಟ್‌ನಂಥ ಔಷಧ ಬಿದ್ದರೆ ಮೂಳೆ ಸವೆಯುವುದನ್ನು ಬಹುಪಾಲು ತಡೆಯಬಹುದು. ಒಮ್ಮೆ ಸವೆದ ಮೂಳೆಯನ್ನು ಯಾವ ಹಣ್ಣೂ ಯಾವ ವಿಟಮಿನ್ನೂ ತಿರುಗಿ ಕಟ್ಟುವುದಿಲ್ಲ. ಮುಂದೆ ಬರೆದಿರುವುದೆಲ್ಲ ಔಷಧದ ಜೊತೆಗೆ, ಔಷಧದ ಬದಲಿಗೆ ಅಲ್ಲ.

ವಿಟಮಿನ್ ಸಿಯಿಂದ ಏನು ನಿರೀಕ್ಷಿಸಬಹುದು

ಮೃದ್ವಸ್ಥಿ, ಸ್ನಾಯುರಜ್ಜು, ಚರ್ಮ, ವಸಡು ಎಲ್ಲಕ್ಕೂ ಆಧಾರ ಕೊಲಾಜನ್ ಎಂಬ ಪ್ರೋಟೀನ್. ಅದರ ಎಳೆಗಳು ಗಟ್ಟಿಯಾಗಿ ಹೆಣೆದುಕೊಳ್ಳಲು ವಿಟಮಿನ್ ಸಿ ಬೇಕೇ ಬೇಕು. ಹೆಚ್ಚಿನ ಪ್ರಾಣಿಗಳು ಇದನ್ನು ಒಳಗೇ ತಯಾರಿಸಿಕೊಳ್ಳುತ್ತವೆ. ಮನುಷ್ಯನಿಗೂ ಗಿನಿಪಿಗ್‌ಗೂ ಆ ಶಕ್ತಿ ಇಲ್ಲ, ತಿಂದೇ ಪಡೆಯಬೇಕು. ತೀರಾ ಕಡಿಮೆಯಾದರೆ ಬರುವ ಸ್ಕರ್ವಿಯಲ್ಲಿ ವಸಡಿನಿಂದ ರಕ್ತ ಬರುವುದಷ್ಟೇ ಅಲ್ಲ, ಕೀಲು ನೋಯುತ್ತದೆ, ಕೆಲವೊಮ್ಮೆ ಕೀಲಿನೊಳಗೇ ರಕ್ತ ಸೋರುತ್ತದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಬ್ರಿಟಿಷ್ ಹಡಗಿನ ವೈದ್ಯ ಸ್ಕರ್ವಿಯಿಂದ ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಬೇರೆ ಮಾಡಿ ಬೇರೆ ಬೇರೆ ಪದಾರ್ಥ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಎದ್ದು ನಿಂತರು. ವಿನೆಗರ್ ಕುಡಿದವರಿಗೂ, ಆಮ್ಲ ಬೆರೆಸಿದ ನೀರು ಕುಡಿದವರಿಗೂ ಆ ಗುಣ ಕಾಣಲಿಲ್ಲ. ಬರೀ ಹುಳಿಯಿಂದ ಆಗುವ ಕೆಲಸ ಅದಲ್ಲ ಎಂಬುದು ಆಗಲೇ ಕಣ್ಣಿಗೆ ಬಿದ್ದಿತ್ತು.

ರುಮಟಾಯ್ಡ್ ವಿಷಯಕ್ಕೆ ಬಂದರೆ ಚಿತ್ರ ಅಷ್ಟು ಸ್ಪಷ್ಟವಿಲ್ಲ. ಇಂಗ್ಲೆಂಡಿನ ನಾರ್ಫಕ್‌ನಲ್ಲಿ ಸಾವಿರಾರು ಜನರ ಊಟವನ್ನು ದಾಖಲಿಸಿ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಊಟದಲ್ಲಿ ವಿಟಮಿನ್ ಸಿ ತೀರಾ ಕಡಿಮೆ ಇದ್ದವರಿಗೆ ಹಲವು ಕೀಲುಗಳ ಉರಿಯೂತ ಬರುವ ಸಾಧ್ಯತೆ, ಹೆಚ್ಚು ತಿನ್ನುತ್ತಿದ್ದವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಕೇಳಲು ದೊಡ್ಡ ಸಂಖ್ಯೆ. ಆದರೆ ಕಾಯಿಲೆ ಬಂದವರು 73 ಮಂದಿ ಅಷ್ಟೇ. ಹಣ್ಣು ತರಕಾರಿ ಹೆಚ್ಚು ತಿನ್ನುವವರು ಬೇರೆ ಎಷ್ಟೋ ವಿಷಯಗಳಲ್ಲೂ ಆರೋಗ್ಯದ ಕಡೆ ಗಮನ ಇಟ್ಟಿರುತ್ತಾರೆ, ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ ಒಂದೇ ವಿಟಮಿನ್ ತಲೆಗೆ ಕಟ್ಟಲು ಆಗುವುದಿಲ್ಲ. ಇದು ಕಾಯಿಲೆ ಬರುವ ಮುಂಚಿನ ಮಾತು ಎಂಬುದನ್ನೂ ಮರೆಯಬಾರದು.

ಕಾಯಿಲೆ ಇರುವವರ ರಕ್ತದಲ್ಲಿ ವಿಟಮಿನ್ ಸಿ ಕಡಿಮೆ ಇರುವುದು ಹಿಂದಿನಿಂದಲೂ ಗೊತ್ತು. ಉರಿಯೂತ ಇರುವಾಗ ದೇಹ ಅದನ್ನು ಬೇಗ ಖರ್ಚು ಮಾಡುತ್ತದೆ, ನೋವಿರುವವರು ಸರಿಯಾಗಿ ಊಟವನ್ನೂ ಮಾಡಿರುವುದಿಲ್ಲ. ಕಡಿಮೆ ಇದ್ದುದನ್ನು ತುಂಬಿಸುವುದು ನ್ಯಾಯ. ತುಂಬಿಸಿದ ಮೇಲೂ ಸುರಿಯುತ್ತಾ ಹೋದರೆ ರೋಗ ಹಿಂದೆ ಸರಿಯುತ್ತದೆ ಎಂದು ತೋರಿಸಿದ ದೊಡ್ಡ ಪ್ರಯೋಗ ಇಲ್ಲ. ಅಮೆರಿಕದ ರುಮಟಾಲಜಿ ತಜ್ಞರ ಸಂಘ 2022ರ ತನ್ನ ಮಾರ್ಗಸೂಚಿಯಲ್ಲಿ ಕಾಳು, ತರಕಾರಿ, ಹಣ್ಣು, ಮೀನು, ಒಳ್ಳೆಯ ಎಣ್ಣೆ ಇರುವ ಮೆಡಿಟರೇನಿಯನ್ ಮಾದರಿಯ ಊಟದ ಕಡೆ ವಾಲಿದೆ, ಪೂರಕ ಮಾತ್ರೆಗಳ ಕಡೆ ಅಲ್ಲ. ಅದಕ್ಕಿಂತ ಬಲವಾಗಿ ಅದು ಹೇಳಿರುವುದು ವ್ಯಾಯಾಮ ಮಾಡಿ ಎಂದು.

ನಿನ್ನೆಯ ಊಟವನ್ನು ಬರೆದು ನೋಡಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ ದೊಡ್ಡ ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ, ಗಂಡಸರಿಗೆ 80 ಮಿಲಿಗ್ರಾಂ ವಿಟಮಿನ್ ಸಿ ಬೇಕು. ಬಸುರಿಗೆ 80, ಹಾಲೂಡಿಸುವ ತಾಯಿಗೆ 115. ಬೀಡಿ ಸಿಗರೇಟು ಸೇದುವವರಿಗೆ ಇನ್ನೂ 35ರಷ್ಟು ಹೆಚ್ಚು ಬೇಕೆಂದು ಅಮೆರಿಕದ ಲೆಕ್ಕ ಹೇಳುತ್ತದೆ. ಅವರು ಹಣ್ಣು ತರುವುದಕ್ಕೆ ಮೊದಲು ಬೀಡಿ ಬಿಡುವುದು ಒಳ್ಳೆಯದು, ರುಮಟಾಯ್ಡ್ ತರಿಸುವ ಕಾರಣಗಳಲ್ಲಿ ಹೊಗೆಗೆ ಇರುವಷ್ಟು ಗಟ್ಟಿ ಪುರಾವೆ ಇನ್ನಾವುದಕ್ಕೂ ಸಿಕ್ಕುವುದು ಕಷ್ಟ.

ಈಗ ಒಂದು ಹಾಳೆ ತೆಗೆದುಕೊಂಡು ನಿನ್ನೆ ಬೆಳಗಿನಿಂದ ರಾತ್ರಿವರೆಗೆ ತಿಂದದ್ದನ್ನು ಬರೆಯಿರಿ. ಇಡ್ಲಿ, ಚಟ್ನಿ, ಕಾಫಿ. ಮಧ್ಯಾಹ್ನ ಅನ್ನ, ತೊಗರಿಬೇಳೆ ಸಾರು, ಮಜ್ಜಿಗೆ. ಸಂಜೆ ಚಹಾ, ಬಿಸ್ಕತ್ತು. ರಾತ್ರಿ ಮುದ್ದೆ ಅಥವಾ ಚಪಾತಿ, ಬೇಯಿಸಿದ ಪಲ್ಯ. ಹೊಟ್ಟೆ ತುಂಬಿದೆ, ವಿಟಮಿನ್ ಸಿ ಮಾತ್ರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಕ್ಕಿ, ರಾಗಿ, ಗೋಧಿ, ಒಣ ಬೇಳೆ, ಹಾಲು, ಮೊಸರು, ಮೊಟ್ಟೆಗಳಲ್ಲಿ ಅದು ಸಿಗುವುದಿಲ್ಲ. ಸಾರಿಗೆ ಹಾಕುವ ಹುಣಸೆಹಣ್ಣು ಎಷ್ಟೇ ಹುಳಿಯಾಗಿದ್ದರೂ ವಿಟಮಿನ್ ಸಿ ಲೆಕ್ಕದಲ್ಲಿ ಶೂನ್ಯಕ್ಕೆ ಹತ್ತಿರ. ಮಜ್ಜಿಗೆಯೂ ಅಷ್ಟೇ.

ಹುಳಿ ಬೇರೆ, ವಿಟಮಿನ್ ಸಿ ಬೇರೆ. ಸಿಹಿಯಾಗಿ ಮಾಗಿದ ಸೀಬೆಹಣ್ಣಿನಲ್ಲಿ ಅದು ನಿಂಬೆರಸದ ನಾಲ್ಕು ಪಟ್ಟಿಗಿಂತ ಹೆಚ್ಚಿದೆ. ನುಗ್ಗೆಸೊಪ್ಪಿನಲ್ಲಿ ಹುಳಿಯ ಸುಳಿವೂ ಇಲ್ಲ, ಆದರೂ ನಿಂಬೆರಸದ ಎರಡು ಪಟ್ಟು ಇದೆ. ಹಾಗಾಗಿ ಹುಳಿ ತಿಂದರೆ ನೋವು ಏರುತ್ತದೆ ಎಂಬ ನಂಬಿಕೆಯ ಮನೆಯಲ್ಲೂ ಜಗಳವಿಲ್ಲದೆ ಈ ಕೊರತೆ ತುಂಬಬಹುದು. ಹುಳಿಹಣ್ಣು ತಿಂದು ರುಮಟಾಯ್ಡ್ ಕೆರಳುತ್ತದೆ ಎನ್ನಲು ಪುರಾವೆ ಇಲ್ಲ. ಆದರೂ ಯಾವುದೋ ಒಂದು ಪದಾರ್ಥ ತಿಂದ ಮರುದಿನ ಪ್ರತಿಸಲವೂ ನೋವು ಹೆಚ್ಚುತ್ತದೆ ಎಂದು ನಿಮಗೆ ಅನುಭವ ಇದ್ದರೆ ಅದೊಂದನ್ನು ಬಿಡಿ, ಇಡೀ ಹಣ್ಣಿನ ಬುಟ್ಟಿಯನ್ನಲ್ಲ.

ಅಡುಗೆಮನೆಯ ಲೆಕ್ಕ

ಇಲ್ಲಿ ಕೊಟ್ಟಿರುವ ಸಂಖ್ಯೆಗಳು 100 ಗ್ರಾಂ ಹಸಿ ಪದಾರ್ಥಕ್ಕೆ, ಎಲ್ಲವೂ ಸುಮಾರು. ತಳಿ, ಮಣ್ಣು, ಕಿತ್ತು ಎಷ್ಟು ದಿನವಾಯಿತು ಎಂಬುದರ ಮೇಲೆ ಏರುಪೇರಾಗುತ್ತದೆ. ಬೆಟ್ಟದ ನೆಲ್ಲಿಕಾಯಿ 250 ಮಿಲಿಗ್ರಾಂ (ಹಳೆಯ ಪಟ್ಟಿಗಳಲ್ಲಿ 600 ಎಂದಿತ್ತು, ಈಗಲೂ ಅದನ್ನೇ ಹೇಳುವವರಿದ್ದಾರೆ). ಸೀಬೆ 200ಕ್ಕಿಂತ ತುಸು ಹೆಚ್ಚು. ನುಗ್ಗೆಸೊಪ್ಪು 100ರ ಆಸುಪಾಸು, ದಪ್ಪ ಮೆಣಸಿನಕಾಯಿಯೂ ಹೆಚ್ಚುಕಡಿಮೆ ಅಷ್ಟೇ. ನಿಂಬೆರಸ, ಕಿತ್ತಳೆ, ಪಪ್ಪಾಯಿ, ಹೂಕೋಸು 40ರಿಂದ 50. ಎಲೆಕೋಸು 30ರ ಮೇಲೆ. ಟೊಮೇಟೊ 25ರ ಸುತ್ತಮುತ್ತ.

ಈ ಲೆಕ್ಕದಲ್ಲಿ ಬೆಳಿಗ್ಗೆ ಎದ್ದು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿಯುವವರಿಗೆ ಸಿಗುವುದೆಷ್ಟು? ಒಂದು ಹಣ್ಣಿನಿಂದ ಬರುವ ರಸ 25ರಿಂದ 30 ಮಿಲಿಲೀಟರ್, ವಿಟಮಿನ್ ಸಿ 12ರಿಂದ 14 ಮಿಲಿಗ್ರಾಂ. ಅರ್ಧ ಹೋಳು ಹಿಂಡಿದರೆ ಅದರಲ್ಲೂ ಅರ್ಧ. ಇಷ್ಟಕ್ಕೇ "ನಾನು ದಿನಾ ವಿಟಮಿನ್ ಸಿ ತಗೋತೀನಿ" ಎನ್ನುವುದು ಉತ್ಪ್ರೇಕ್ಷೆ. ಅದೇ ಮಧ್ಯಮ ಗಾತ್ರದ ಸೀಬೆಹಣ್ಣಿನ ಅರ್ಧ, ಅಂದರೆ 75 ಗ್ರಾಂನಷ್ಟು ತಿಂದರೆ 150 ಮಿಲಿಗ್ರಾಂ ದಾಟುತ್ತದೆ. ಹೆಂಗಸರಿಗೆ ಎರಡು ದಿನಕ್ಕಾಗುವಷ್ಟು. ಸಕ್ಕರೆ ಕಾಯಿಲೆಯವರೂ ಅರ್ಧ ಸೀಬೆಹಣ್ಣು ತಿನ್ನಬಹುದು, ಜ್ಯೂಸ್ ಮಾಡದೆ ಹಾಗೇ ಕಚ್ಚಿ ತಿನ್ನಬೇಕು.

ನೆಲ್ಲಿಕಾಯಿ ಕಾರ್ತಿಕದಲ್ಲಿ, ತುಳಸಿ ಪೂಜೆಗೆ ಕೊಂಬೆ ಮಾರುವ ಹೊತ್ತಿಗೆ, ಮಾರುಕಟ್ಟೆಗೆ ಬರಲು ಶುರುವಾಗಿ ಚಳಿಗಾಲ ಪೂರ್ತಿ ಸಿಗುತ್ತದೆ. ಒಂದು ಕಾಯಿ ತುರಿದು ಮೊಸರಿಗೆ ಕಲಸಿ ಒಗ್ಗರಣೆ ಹಾಕಿದರೆ ಆ ದಿನದ ಪಾಲು ಮುಗಿಯಿತು. ಒಗ್ಗರಣೆ ಆರಿದ ಮೇಲೆ ಹಾಕಿ. ಹೆಚ್ಚು ಸಿಕ್ಕಾಗ ತುರಿದು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿನಲ್ಲಿಟ್ಟರೆ ಬೇಸಿಗೆಗೂ ಬರುತ್ತದೆ. ಉಪ್ಪುಖಾರ ಹಚ್ಚಿ ಮಾರುವ, ಏಣು ಏಣಾದ ಹಳದಿ ಹುಳಿನೆಲ್ಲಿ ಬೇರೆ ಜಾತಿ. ಬಾಯಿ ಚಪಲಕ್ಕೆ ಸರಿ, ಈ ಲೆಕ್ಕಕ್ಕೆ ಅಲ್ಲ. ನೆಲ್ಲಿಕಾಯಿ ಉಪ್ಪಿನಕಾಯಿಯಲ್ಲಿ ಉಪ್ಪು ಅತಿ, ಮೊರಬ್ಬದಲ್ಲಿ ಸಕ್ಕರೆ ಅತಿ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಪಿ, ಶುಗರ್ ಎರಡೂ ಏರುವ ಸಂಭವ ಇರುವುದರಿಂದ ಇವೆರಡನ್ನೂ ಚಮಚದ ತುದಿಯಷ್ಟಕ್ಕೆ ಇಟ್ಟುಕೊಳ್ಳಿ.

ಕರಾವಳಿ, ಮಲೆನಾಡಿನ ಅಂಚಿನವರು ಮಾರ್ಚಿಯಿಂದ ಮೇವರೆಗೆ ಬೀಜ ಕಿತ್ತುಕೊಂಡು ತೋಟದಲ್ಲೇ ಎಸೆಯುವ ಗೇರುಹಣ್ಣಿನಲ್ಲಿ ಕಿತ್ತಳೆಗಿಂತ ಹಲವು ಪಟ್ಟು ವಿಟಮಿನ್ ಸಿ ಇದೆ. ಗಂಟಲು ಕೆರೆಯುತ್ತದೆ ಎಂಬುದು ನಿಜ. ಹೋಳಿಗೆ ಉಪ್ಪು ಹಚ್ಚಿ ಸ್ವಲ್ಪ ಹೊತ್ತಿಟ್ಟರೆ ಒಗರು ಇಳಿಯುತ್ತದೆ.

ಬೇಯಿಸುವಾಗ ಮೂರು ಶತ್ರುಗಳು: ನೀರು, ಬಿಸಿ, ಗಾಳಿ. ಎಲೆಕೋಸು ಹೆಚ್ಚಿ ನೀರಲ್ಲಿ ನೆನೆಹಾಕಿ ಟಿವಿ ನೋಡಲು ಕೂತರೆ ವಿಟಮಿನ್ ಸಿ ನೀರಿಗಿಳಿಯುತ್ತದೆ. ಇಡಿಯಾಗಿ ತೊಳೆದು, ಒಲೆಗೆ ಇಡುವ ಮುಂಚೆ ಹೆಚ್ಚಿ. ಸೊಪ್ಪು ಬೇಯಿಸಿದ ನೀರನ್ನು ಬಸಿದು ಚೆಲ್ಲಬೇಡಿ. ಬಸ್ಸಾರು ಮಾಡುವವರು ಈ ವಿಷಯದಲ್ಲಿ ಬುದ್ಧಿವಂತರು. ನುಗ್ಗೆಸೊಪ್ಪಿನ ಪಲ್ಯವನ್ನು ಮುಚ್ಚಳ ಹಾಕಿ ಬೇಗ ಇಳಿಸಿ, ಆದರೂ ಅರ್ಧದಷ್ಟು ಹೋಯಿತೆಂದೇ ಲೆಕ್ಕ ಹಾಕಿ. ನಿಂಬೆರಸವನ್ನು ಚಿತ್ರಾನ್ನಕ್ಕಾಗಲಿ ಸಾರಿಗಾಗಲಿ ಒಲೆ ಆರಿಸಿದ ಮೇಲೆ ಹಿಂಡಿ. ತಾಮ್ರ ವಿಟಮಿನ್ ಸಿಯನ್ನು ಬೇಗ ಕೆಡಿಸುತ್ತದೆ, ತಾಮ್ರದ ಚೊಂಬಿನಲ್ಲಿ ನಿಂಬೆ ಪಾನಕ ಮಾಡಿಡಬೇಡಿ. ದಿನಕ್ಕೊಂದು ಹಸಿ ಪದಾರ್ಥ ಇದ್ದರೆ ಈ ತಲೆಬಿಸಿ ಅರ್ಧ ಕಡಿಮೆ: ಕೋಸಂಬರಿಗೆ ದಪ್ಪ ಮೆಣಸಿನಕಾಯಿ ಚೂರು, ಒಂದೆಲಗದ ತಂಬುಳಿ, ಇಲ್ಲವೇ ಬರೀ ಒಂದು ಬಟ್ಟಲು ಪಪ್ಪಾಯಿ.

ಊಟದ ಜೊತೆಗೇ ತಿಂದರೆ ಇನ್ನೊಂದು ಲಾಭವಿದೆ. ಸೊಪ್ಪು, ರಾಗಿ, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಕಷ್ಟಪಟ್ಟು ಹೀರಿಕೊಳ್ಳುತ್ತದೆ, ಜೊತೆಗೆ ವಿಟಮಿನ್ ಸಿ ಇದ್ದರೆ ಸಲೀಸಾಗುತ್ತದೆ. ರುಮಟಾಯ್ಡ್ ಇರುವವರಲ್ಲಿ ರಕ್ತಹೀನತೆ ಸಾಮಾನ್ಯ. ಒಂದು ಬಗೆ ಉರಿಯೂತದಿಂದಲೇ ಬರುವುದು, ಅದು ರೋಗ ಹತೋಟಿಗೆ ಬಂದಾಗ ಸುಧಾರಿಸುತ್ತದೆ. ಇನ್ನೊಂದು ನೋವಿನ ಮಾತ್ರೆಗಳಿಂದ ಹೊಟ್ಟೆಯಲ್ಲಿ ಸದ್ದಿಲ್ಲದೆ ರಕ್ತ ಸೋರಿ ಕಬ್ಬಿಣಾಂಶ ಬರಿದಾಗುವುದು. ಈ ಎರಡನೆಯವರಿಗೆ ಮುದ್ದೆ, ಸೊಪ್ಪಿನ ಸಾರಿನ ಜೊತೆ ಒಂದು ಹೋಳು ನಿಂಬೆ ನಿಜಕ್ಕೂ ಉಪಯೋಗ. ಕಾಫಿ, ಚಹಾ ಊಟಕ್ಕೆ ಅಂಟಿಕೊಂಡಂತೆ ಬೇಡ, ಒಂದು ಗಂಟೆ ಬಿಡಿ. ಮಲ ಕಪ್ಪಗೆ ಟಾರಿನಂತೆ ಹೋಗುತ್ತಿದ್ದರೆ ನಿಂಬೆ ಹುಡುಕದೆ ಆಸ್ಪತ್ರೆಗೆ ಹೋಗಿ.

ಈ ಸಲಹೆಗಳನ್ನು ಕೊಡುವವರು ಸಾಮಾನ್ಯವಾಗಿ ಮರೆಯುವುದು ಕೈಯನ್ನೇ. ಊದಿದ ಗೆಣ್ಣಿನಲ್ಲಿ ನಿಂಬೆಹಣ್ಣು ಹಿಂಡುವುದೆಂದರೆ ಕಣ್ಣಲ್ಲಿ ನೀರು ಬರುವ ಕೆಲಸ. ಗಟ್ಟಿ ಸೀಬೆಕಾಯಿ ಹೆಚ್ಚುವಾಗ ಚಾಕು ಜಾರುತ್ತದೆ. ಎರಡು ಹಿಡಿಕೆಯ ನಿಂಬೆ ಹಿಂಡುವ ಸಾಧನ ತನ್ನಿ, ಅದನ್ನು ಬೆರಳಿನಿಂದಲ್ಲ ಅಂಗೈಯ ಬಲದಿಂದ ಒತ್ತಬಹುದು. ಚಾಕುವಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ಸೀಬೆ ಮೆತ್ತಗೆ ಹಣ್ಣಾದ ಮೇಲೆ ಕತ್ತರಿಸಿ. ಬೆಳಗಿನ ಬಿಗಿತ ಬಿಡುವವರೆಗೆ ಹೆಚ್ಚುವ ಕೆಲಸವೇ ಬೇಡ, ಅದು ಮನೆಯ ಉಳಿದವರ ಪಾಲು.

ಮಾತ್ರೆ ಯಾರಿಗೆ, ಯಾರಿಗೆ ಬೇಡ

ಲಿಮ್ಸಿ, ಸೆಲಿನ್ ಎಂದು ಅಂಗಡಿಯಲ್ಲಿ ಕೇಳಿದರೆ ಕೊಡುವುದು 500 ಮಿಲಿಗ್ರಾಂ ಮಾತ್ರೆ. ಹೆಂಗಸರ ದಿನದ ಅಗತ್ಯದ ಏಳು ಪಟ್ಟಿಗೂ ಮೀರಿದ್ದು. ಕರುಳು ಒಂದು ಮಿತಿಯವರೆಗೆ ಮಾತ್ರ ಹೀರುತ್ತದೆ: 200 ಮಿಲಿಗ್ರಾಂ ತನಕ ಬಹುಪಾಲು ಒಳಗೆ ಹೋಗುತ್ತದೆ, ಒಂದು ಗ್ರಾಂ ದಾಟಿದರೆ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಹೊಟ್ಟೆ ನುಲಿಸುತ್ತದೆ, ಭೇದಿ ಮಾಡಿಸುತ್ತದೆ. ಒಳಗೆ ಹೋದ ಹೆಚ್ಚುವರಿಯೂ ಮೂತ್ರದಲ್ಲಿ ಹೊರಬೀಳುತ್ತದೆ.

ಹಲ್ಲಿಲ್ಲದೆ ಹಣ್ಣು ಜಗಿಯಲಾಗದ ವೃದ್ಧರು, ಒಬ್ಬರೇ ಇದ್ದು ಅನ್ನ-ಸಾರಿನಲ್ಲೇ ದಿನ ಕಳೆಯುವವರು, ವಸಡಿನಲ್ಲಿ ರಕ್ತ, ಮೈಮೇಲೆ ಕಾರಣವಿಲ್ಲದ ಕಪ್ಪು ಕಲೆ, ಮಾಗದ ಗಾಯ ಇರುವವರು ವೈದ್ಯರ ಮಾತಿನಂತೆ ಸ್ವಲ್ಪ ದಿನ ಮಾತ್ರೆ ತೆಗೆದುಕೊಳ್ಳುವುದು ಸರಿ. ಉಳಿದವರಿಗೆ ಅರ್ಧ ಸೀಬೆಹಣ್ಣು ಸಾಕು ಎಂಬುದು ನನ್ನ ಅಭಿಪ್ರಾಯ. ರಕ್ತದಲ್ಲಿ ವಿಟಮಿನ್ ಸಿ ಅಳೆಯುವ ಪರೀಕ್ಷೆಗೆ ದುಡ್ಡು ಹಾಕುವುದೂ ಬೇಡ, ಉರಿಯೂತ ಜೋರಾಗಿರುವಾಗ ಅದು ಹೇಗಿದ್ದರೂ ಕಡಿಮೆಯೇ ತೋರಿಸುತ್ತದೆ.

ಮೂತ್ರಪಿಂಡದಲ್ಲಿ ಕಲ್ಲು ಆಗಿದ್ದವರು ಹೆಚ್ಚಿನ ಪ್ರಮಾಣದ ಮಾತ್ರೆಯಿಂದ ದೂರ ಇರಬೇಕು. ವಿಟಮಿನ್ ಸಿ ದೇಹದಲ್ಲಿ ಭಾಗಶಃ ಆಕ್ಸಲೇಟ್ ಆಗುತ್ತದೆ. ಸ್ವೀಡನ್ನಿನ ಗಂಡಸರಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ಮಾತ್ರೆ ನುಂಗುತ್ತಿದ್ದವರಿಗೆ ಕಲ್ಲಿನ ಅಪಾಯ ಸುಮಾರು ಎರಡು ಪಟ್ಟು ಕಂಡಿತ್ತು. ಮೆಥೊಟ್ರೆಕ್ಸೇಟ್ ಹೊರಹೋಗುವುದೂ ಮೂತ್ರಪಿಂಡದ ದಾರಿಯಲ್ಲೇ, ಹಾಗಾಗಿ ಆ ದಾರಿಯನ್ನು ಹಾಳುಮಾಡಿಕೊಳ್ಳುವುದು ಸಂಧಿವಾತದವರಿಗೆ ಇಮ್ಮಡಿ ನಷ್ಟ. ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಪಾಡುವ ಕಿಣ್ವ) ಕೊರತೆ ಇರುವವರಿಗೆ, ಥಲಸ್ಸೀಮಿಯದಂತೆ ದೇಹದಲ್ಲಿ ಕಬ್ಬಿಣ ಶೇಖರವಾಗುವವರಿಗೆ ಭಾರಿ ಪ್ರಮಾಣ ಅಪಾಯಕಾರಿ. ವಿಟಮಿನ್ ಸಿ ಡ್ರಿಪ್ ಹಾಕುತ್ತೇವೆ ಎನ್ನುವ ಕ್ಲಿನಿಕ್‌ಗಳಿಗೆ ಸಂಧಿವಾತಕ್ಕಾಗಿ ಹೋಗಬೇಡಿ. ಡ್ರಿಪ್ ಆದ ಮೇಲೆ ಕೆಲವು ಗ್ಲೂಕೋಮೀಟರ್‌ಗಳು ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ, ಅದನ್ನು ನಂಬಿ ಇನ್ಸುಲಿನ್ ಹಾಕಿಕೊಂಡರೆ ಪ್ರಾಣಕ್ಕೇ ಬರಬಹುದು.

ಜಗಿಯುವ ಮಾತ್ರೆಗೆ ಇನ್ನೊಂದು ತೊಂದರೆ. ರುಮಟಾಯ್ಡ್ ಜೊತೆ ಬಾಯಿ, ಕಣ್ಣು ಒಣಗುವ ಸಮಸ್ಯೆ ಹಲವರಿಗಿರುತ್ತದೆ. ಜೊಲ್ಲು ಕಡಿಮೆಯಾದ ಬಾಯಲ್ಲಿ ಆಮ್ಲದ ಮಾತ್ರೆ ಚೀಪಿದರೆ ಹಲ್ಲಿನ ಹೊಳಪು ಪದರ ಕರಗುತ್ತದೆ. ನಿಂಬೆ ಪಾನಕ ಕುಡಿದ ಮೇಲೂ ಬಾಯಿ ಮುಕ್ಕಳಿಸಿ, ತಕ್ಷಣ ಬ್ರಷ್ ಹಾಕಬೇಡಿ.

ಔಷಧದ ಜೊತೆ ಹೊಂದಿಸಿಕೊಳ್ಳುವುದು

ನೋವಿನ ಮಾತ್ರೆ ನುಂಗುವವರು ಖಾಲಿ ಹೊಟ್ಟೆಗೆ ನಿಂಬೆರಸ ಕುಡಿಯಬೇಡಿ, ಉರಿ ಹೆಚ್ಚುತ್ತದೆ. ರುಮಟಾಯ್ಡ್‌ಗೆ ಟೊಫಾಸಿಟಿನಿಬ್ ಅಥವಾ ಸೈಕ್ಲೋಸ್ಪೋರಿನ್ ಎಂಬ ಔಷಧ ತೆಗೆದುಕೊಳ್ಳುವವರು ಚಕ್ಕೋತ ತಿನ್ನುವ ಮುಂಚೆ ವೈದ್ಯರನ್ನು ಕೇಳಿ. ಗ್ರೇಪ್‌ಫ್ರೂಟ್‌ನ ಹತ್ತಿರದ ನೆಂಟ ಅದು. ಈ ಔಷಧಗಳನ್ನು ದೇಹದಿಂದ ಕಳಿಸುವ ಕಿಣ್ವವನ್ನು ತಡೆದು ರಕ್ತದಲ್ಲಿ ಔಷಧದ ಪ್ರಮಾಣ ಏರಿಸಬಲ್ಲದು. ದೇವನಹಳ್ಳಿ ಚಕ್ಕೋತ ಎಷ್ಟೇ ಹೆಸರುವಾಸಿಯಾದರೂ ಇವರು ಸೀಬೆಯಲ್ಲೇ ತೃಪ್ತಿಪಡಬೇಕು. ಮೂತ್ರಪಿಂಡ ದುರ್ಬಲವಾಗಿ ಪೊಟ್ಯಾಸಿಯಂ ಕಡಿಮೆ ಮಾಡಲು ಹೇಳಿಸಿಕೊಂಡವರು ಎಷ್ಟು ಹಣ್ಣು, ಯಾವ ಹಣ್ಣು ಎಂದು ಕೇಳಿಕೊಂಡೇ ಶುರುಮಾಡಿ.

ಊಟ ಬದಲಿಸಿದ ಮೇಲೆ ಏನಾಯಿತೆಂದು ತಿಳಿಯಲು ಕ್ಯಾಲೆಂಡರಿನಲ್ಲೇ ಬರೆದಿಡಿ: ಬೆಳಗಿನ ಬಿಗಿತ ಎಷ್ಟು ನಿಮಿಷ, ಊದಿದ ಗೆಣ್ಣು ಎಷ್ಟು, ನೋವಿನ ಮಾತ್ರೆ ಎಷ್ಟು ಬೇಕಾಯಿತು. ಮೆಥೊಟ್ರೆಕ್ಸೇಟ್ ಪೂರ್ತಿ ಕೆಲಸ ತೋರಿಸಲು ವಾರಗಳೇ ಬೇಕು. ಆ ಹೊತ್ತಿಗೆ ನೀವು ನೆಲ್ಲಿಕಾಯಿಯನ್ನೂ ಶುರುಮಾಡಿದ್ದರೆ ಗುಣ ನೆಲ್ಲಿಕಾಯಿಯದೆಂದು ಅನ್ನಿಸಿಬಿಡುತ್ತದೆ. ಎಷ್ಟೋ ಜನ ಮಾತ್ರೆ ನಿಲ್ಲಿಸುವುದು ಈ ಘಟ್ಟದಲ್ಲೇ, ಕೆಲವು ವಾರಗಳಲ್ಲಿ ಊತ ಮತ್ತೆ ಹಾಜರಾಗುತ್ತದೆ. ಲೇಬಲ್ ಇಲ್ಲದ ಪುಡಿಯಿಂದ ಎರಡೇ ದಿನಕ್ಕೆ ನೋವು ಮಾಯವಾಯಿತೆಂದು ಯಾರಾದರೂ ಕೊಟ್ಟರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಅನುಮಾನಿಸಿ, ಪೊಟ್ಟಣವನ್ನು ವೈದ್ಯರಿಗೆ ತೋರಿಸಿ.

ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ವಾರದ ಯಾವ ದಿನ ಎಂದು ಡಬ್ಬಿಯ ಮೇಲೆ ದಪ್ಪಗೆ ಬರೆಸಿ, ವಿಟಮಿನ್ ಮಾತ್ರೆಗಳ ಡಬ್ಬಿಯಿಂದ ಬೇರೆ ಇಡಿ. ದಿನಾ ನುಂಗಿ ಜೀವಕ್ಕೆ ಅಪಾಯ ತಂದುಕೊಂಡವರಿದ್ದಾರೆ. ಅದರ ಜೊತೆ ಬರೆದಿರುವ ಫೋಲಿಕ್ ಆಸಿಡ್ ಮಾತ್ರೆಯನ್ನು ವಿಟಮಿನ್ ತಾನೇ ಎಂದು ಬಿಡಬೇಡಿ. ಈ ಔಷಧದಲ್ಲಿರುವಾಗ ಬಾಯಲ್ಲಿ ಹುಣ್ಣಾದರೆ "ವಿಟಮಿನ್ ಕಡಿಮೆಯಾಗಿದೆ" ಎಂದು ಅಂಗಡಿಯಿಂದ ಬಿ-ಕಾಂಪ್ಲೆಕ್ಸ್, ವಿಟಮಿನ್ ಸಿ ತಂದು ನುಂಗಿ ಸುಮ್ಮನಿರುವುದು ನಮ್ಮಲ್ಲಿ ರೂಢಿ. ಹುಣ್ಣು ಔಷಧದ ಅಡ್ಡಪರಿಣಾಮವೇ ಆಗಿರಬಹುದು. ಜೊತೆಗೆ ಜ್ವರ, ಒಣಕೆಮ್ಮು, ಏದುಸಿರು, ಸಿಕ್ಕಸಿಕ್ಕಲ್ಲಿ ರಕ್ತ ಕಾಣಿಸಿಕೊಂಡರೆ ಮುಂದಿನ ವಾರದ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಮೊದಲೇ, ಅಂದೇ, ವೈದ್ಯರಿಗೆ ಫೋನ್ ಮಾಡಿ ರಕ್ತಪರೀಕ್ಷೆ ಮಾಡಿಸಿ.